ಎಚ್‌ಐವಿ ಇರುವ ಹದಿಹರೆಯದ ಹುಡುಗ ಮಾತ್ರೆ ಸರಿಯಾಗಿ ನುಂಗುತ್ತಿದ್ದಾನಾ ಎಂದು ತಿಳಿಯುವುದು ಹೇಗೆ?

ಸೋಮವಾರಪೇಟೆಯಲ್ಲಿ ಹಾಸ್ಟೆಲಿನಲ್ಲಿರುವ 15 ವರ್ಷದ ನಿಮ್ಮ ತಂಗಿ ಮಗ "ದಿನಾ ತಗೊಳ್ತೀನಿ" ಅನ್ನುತ್ತಾನೆ, ನಂಬಬಹುದಾ ಎಂದು ಕೇಳಿದ್ದೀರಿ.

ಬರೀ ಮಾತು ಸಾಲದು. ಬೈಗುಳಕ್ಕೆ ಹೆದರಿ ಈ ವಯಸ್ಸಿನವರು ಸುಮ್ನೆ "ಹೂಂ" ಅಂದುಬಿಡುತ್ತಾರೆ. "ತಗೊಂಡ್ಯಾ?" ಎನ್ನುವ ಬದಲು "ಕಳೆದ ನಾಲ್ಕು ದಿನದಲ್ಲಿ ಯಾವತ್ತು ತಪ್ಪಿತು?" ಎಂದು ಮೆತ್ತಗೆ ಕೇಳಿ. ಆಗ ನಿಜ ಹೇಳುವುದು ಸುಲಭ.

ಎಆರ್‌ಟಿ ಕೇಂದ್ರದಲ್ಲಿ (ಎಚ್‌ಐವಿ ಮಾತ್ರೆ ಕೊಡುವ ಕೇಂದ್ರ) ಉಳಿದ ಮಾತ್ರೆ ಎಣಿಸುತ್ತಾರೆ. ದಿನಕ್ಕೊಂದರಂತೆ 30 ಕೊಟ್ಟು, 28 ದಿನಕ್ಕೆ ಹೋದರೆ 2 ಉಳಿಯಬೇಕು. 5 ಉಳಿದರೆ 28ರಲ್ಲಿ 25 ನುಂಗಿದ್ದಾನೆ, ಅಂದರೆ ಸುಮಾರು 89%. ಗುರಿ 95%ಕ್ಕಿಂತ ಜಾಸ್ತಿ. ಆದರೆ ಎಣಿಸುತ್ತಾರೆಂದು ಗೊತ್ತಿದ್ದರೆ ಉಳಿದದ್ದನ್ನು ಎಸೆದೂ ಹೋಗಬಹುದು, ಅಲ್ವಾ?

ಅದಕ್ಕೇ ನನಗೆ ಜಾಸ್ತಿ ಭರವಸೆ ಇರುವುದು ವೈರಲ್ ಲೋಡ್ ಪರೀಕ್ಷೆಯ ಮೇಲೆ. ರಕ್ತದ ಒಂದು ಮಿಲಿಲೀಟರಿನಲ್ಲಿ ವೈರಸ್ಸಿನ ಪ್ರತಿಗಳು 1000 ದಾಟಿದರೆ ಮಾತ್ರೆ ತಪ್ಪಿರಬಹುದು, ಇಲ್ಲವೇ ವೈರಸ್ ಔಷಧಕ್ಕೆ ಬಗ್ಗದಂತಾಗಿರಬಹುದು. ಸಾಮಾನ್ಯವಾಗಿ ಮೊದಲು ಆಪ್ತ ಸಮಾಲೋಚನೆ ಮಾಡಿ, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ. ಅಷ್ಟರೊಳಗೆ ಹುಡುಗನನ್ನು ದೂರಬೇಡಿ. ರೂಮಿನವರು ಡಬ್ಬಿ ನೋಡಿಬಿಡುತ್ತಾರೆ ಎಂಬ ಭಯವೇ ಎಷ್ಟೋ ಸಲ ಕಾರಣ.

ಮಾತ್ರೆ ತರಲು ಹೋದ ದಿನಾಂಕಗಳೂ ಸುಳಿವು ಕೊಡುತ್ತವೆ. ಆದರೆ ಕೊಡಗಿನ ಮಳೆಯಲ್ಲಿ ಗುಡ್ಡ ಕುಸಿದು ಬಸ್ ನಿಂತರೆ ಅದು ಅವನ ತಪ್ಪಲ್ಲ. ಜೂನ್‌ಗೆ ಮೊದಲೇ ಕೇಂದ್ರದಲ್ಲಿ ಹೆಚ್ಚುವರಿ ಮಾತ್ರೆ ಕೇಳಿಕೊಳ್ಳಿ.