ಸರ್ಕಾರ ಇಳಿಸೋ ಹಕ್ಕು ಯಾರದ್ದು ಸ್ವಾಮಿ?

ಶಿವಮೊಗ್ಗದ ಹಿರಿಯ ಓದುಗರೊಬ್ಬರು ಖಾರವಾಗಿ ಬರೆದಿದಾರೆ: "ಹಕ್ಕು ಹುಟ್ಟಿನಿಂದಲೇ ಬರುತ್ತೆ, ಅನ್ಯಾಯದ ಸರ್ಕಾರನ ಜನ ಕಿತ್ತು ಹಾಕ್ಬಹುದು ಅಂತೆಲ್ಲ ಅಚ್ಚು ಹಾಕ್ತೀರಲ್ಲ, ಇದು ಅರಾಜಕತೆ. ಐದು ವರ್ಷಕ್ಕೊಂದು ವೋಟು ಸಾಲದಾ?"

ಸಾರ್, ವೋಟು ದೊಡ್ಡದು, ಒಪ್ಪಿದೆ. ದಂಗೆ ಅಂದ್ರೆ ರಕ್ತ, ಲೂಟಿ, ಅದೂ ನಿಜ. ಆದ್ರೆ ಈ ಮಾತು ಹೇಳಿದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್‌ನ ಅರಾಜಕವಾದಿ ಅಂದುಬಿಟ್ರಲ್ಲ, ಅದನ್ನ ಮಾತ್ರ ಸುಮ್ನೆ ಬಿಡೋಕಾಗಲ್ಲ. 1689ರಲ್ಲಿ ಹೆಸರೇ ಹಾಕದೆ ಪುಸ್ತಕ ತಂದು, ಕೊನೆಗೆ ಉಯಿಲಲ್ಲಿ ನಂದೇ ಅಂತ ಒಪ್ಕೊಂಡ ಆಸಾಮಿ, ಎಂಥಾ ಹುಷಾರಿ ನೋಡಿ! ನಿಮ್ಮ ಆಕ್ಷೇಪಣೆನ ಅವನೇ ಕೊನೇ ಅಧ್ಯಾಯದಲ್ಲಿ ಎತ್ತಿ ಉತ್ತರ ಹೇಳಿದಾನೆ. ಜನ ಸಣ್ಣಪುಟ್ಟದಕ್ಕೆ ಏಳಲ್ಲ, ಎಷ್ಟೋ ಕೆಟ್ಟ ಕಾನೂನು ನುಂಗ್ಕೋತಾರೆ, ದಬ್ಬಾಳಿಕೆ ಒಂದರ ಹಿಂದೆ ಒಂದು ಬಂದು ಇವರ ಉದ್ದೇಶ ಏನು ಅಂತ ಗೊತ್ತಾದಾಗ್ಲೇ ಏಳೋದು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಲೂ ಇದೇ ಧಾಟಿ. (ಬರೆದ ಜೆಫರ್ಸನ್ ನೂರಾರು ಗುಲಾಮರನ್ನ ಇಟ್ಕೊಂಡಿದ್ದ, ಅದು ಬೇರೆ ಪುರಾಣ.)

ನಿಮ್ಮ ಪತ್ರದಲ್ಲಿ ಫ್ರಾನ್ಸ್ ಬಂತು, ರಷ್ಯಾ ಬಂತು, ನಿಮ್ಮದೇ ಜಿಲ್ಲೆಯ ‘ನಗರ’ ಅನ್ನೋ ಊರಿನ ರೈತರ ದಂಗೆ ಬರ್ಲಿಲ್ಲ! 1830. ಆಗ ಮೈಸೂರು ಸಂಸ್ಥಾನದಲ್ಲಿ ಶರತ್ತು ಪದ್ಧತಿ ಇತ್ತು, ಅಮಲ್ದಾರ (ತಾಲೂಕಿನ ಕಂದಾಯ ಅಧಿಕಾರಿ) ಇಂತಿಷ್ಟು ಕಂದಾಯ ಎತ್ತಿ ಕೊಡ್ತೀನಿ ಅಂತ ಮೊದಲೇ ಬರ್ಕೊಡ್ಬೇಕು, ಕಮ್ಮಿ ಬಿದ್ರೆ ಅವನ ತಲೆಗೆ, ಇನ್ನು ರೈತನ ಪಾಡು ಕೇಳ್ಬೇಕಾ? ರೈತರು ಕೂಟ ಸೇರಿದ್ರು, ಕಂದಾಯ ಕೊಡಲ್ಲ ಅಂದ್ರು. ನಗರದ ಸಿಂಹಾಸನ ನಂದೇ ಅನ್ನೋ ಬೂದಿ ಬಸಪ್ಪನೂ ಬಂದು ಸೇರ್ಕೊಂಡ, ಇಂಥೋರು ಎಲ್ಲಾ ಚಳವಳಿಗೂ ಬರ್ತಾರೆ ಬಿಡಿ. ಈಸ್ಟ್ ಇಂಡಿಯಾ ಕಂಪನಿ ಪಡೆನೂ ಬಂತು, ದಂಗೆ ಅಡಗ್ತು. 1831ರಲ್ಲಿ ಕಂಪನಿಯ ಗವರ್ನರ್ ಜನರಲ್ ಬೆಂಟಿಂಕ್ ದುರಾಡಳಿತ ಅಂತ ನೆಪ ಹೇಳಿ, ಕಂಪನಿ ಮೈಸೂರಿನ ಜೊತೆ ಮಾಡ್ಕೊಂಡಿದ್ದ 1799ರ ಒಪ್ಪಂದ ಮುಂದಿಟ್ಟು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ಕೊಂಡ. ಅರಮನೆಗೆ ಅದು ವಾಪಸ್ ಸಿಕ್ಕಿದ್ದು 1881ರಲ್ಲಿ. ಅಂದ್ರೆ ಕೆಟ್ಟ ಸರ್ಕಾರನ ಇಳಿಸ್ಬಹುದು ಅಂತ ಕಂಪನಿನೂ ಒಪ್ತು ಸಾರ್, ಇಳಿಸೋರು ಮಾತ್ರ ರೈತರಲ್ಲ, ಗವರ್ನರ್ ಜನರಲ್ಲು! ನಾನು ಜಗಳ ಆಡ್ತಿರೋದು ಇಷ್ಟಕ್ಕೇ.

ಇನ್ನು ನಿಮ್ಮ ವೋಟಿನ ವಿಷಯ. ರಾಜ ಶಾಸನಸಭೆ ಸೇರೋಕೆ ಬಿಡದಿದ್ರೆ, ಚುನಾವಣೆ ರೀತಿನ ಜನರನ್ನ ಕೇಳದೆ ಬದಲಾಯಿಸಿದ್ರೆ ಅಲ್ಲಿಗೆ ಸರ್ಕಾರ ಮುಗೀತು ಅಂತ ಲಾಕ್ ಪಟ್ಟಿನೇ ಕೊಟ್ಟಿದಾನೆ. ನಮ್ಮಲ್ಲಿ 1976ರಲ್ಲಿ ಆಗ್ಬೇಕಿದ್ದ ಲೋಕಸಭೆ ಚುನಾವಣೆ ತುರ್ತು ಪರಿಸ್ಥಿತಿ ಅಂತ ಮುಂದಕ್ಕೆ ಹೋಗಿ ಆಗಿದ್ದು 1977ರಲ್ಲಿ, ಆ ಒಂದು ವರ್ಷ ನಿಮ್ಮ ವೋಟು ಎಲ್ಲಿತ್ತು? ಇದನ್ನ ಮಕ್ಕಳಿಗೆ ಹೇಳ್ಕೊಡೋಣ ಅಂದ್ರೆ ಲಾಕ್ ಅಂದ್ರೆ "ಜೀವ, ಸ್ವಾತಂತ್ರ್ಯ, ಆಸ್ತಿ", ಎರಡು ಮಾರ್ಕ್ಸು, ಮುಂದಿನ ಪ್ರಶ್ನೆ. ಪಾರ್ಟಿಗಳ ಕಥೆಯಂತೂ ಕೇಳ್ಲೇಬೇಡಿ, ವಿರೋಧ ಪಕ್ಷದಲ್ಲಿ ಕೂತಾಗ ಬೀದೀಲಿರೋರು ಜನಶಕ್ತಿ, ಅಧಿಕಾರ ಸಿಕ್ಕಿದ ಮಾರನೇ ದಿನ ಅದೇ ಬೀದಿ, ಅದೇ ಜನ, ಷಡ್ಯಂತ್ರ!