ರೈತ ತಾತನ ನೆನಪಿನ ಪುಸ್ತಿಕೆ ಬರೆಯೋದು ಹೇಗೆ?

ನೀವು ಕೇಳಿರೋದು ಇಷ್ಟು: ಮಂಡ್ಯ ಸೀಮೆಯ ನಿಮ್ಮ ತಾತ ಬದುಕಿಡೀ ಬೇಸಾಯ ಮಾಡಿದವರು, ಊರ ಬಸವಣ್ಣನ ಗುಡಿ, ಭಜನೆ, ಹಾಲಿನ ಡೈರಿ ಎಲ್ಲದಕ್ಕೂ ಹೆಗಲು ಕೊಟ್ಟವರು. ವರ್ಷದ ತಿಥಿಗೆ 16 ಪುಟದ ಪುಸ್ತಿಕೆ ತರಬೇಕು. ‘ಶ್ರಮಜೀವಿ, ದೈವಭಕ್ತ, ಪರೋಪಕಾರಿ’ ಅಂತ ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಆ ಮೂರೂ ಪದ ಹೊಡೆದುಹಾಕಿ. ಅವು ಸುಳ್ಳು ಅಂತಲ್ಲ. ಪಕ್ಕದೂರಿನ ಯಾರ ಫೋಟೊ ಕೆಳಗೆ ಹಾಕಿದರೂ ಹೊಂದಿಕೊಳ್ಳುತ್ತವೆ, ಅದೇ ತೊಂದರೆ. ನಿಮ್ಮ ಜಿಲ್ಲೆಯದೇ ಒಂದು ಕಲ್ಲು ನೋಡಿ: ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, 950ರ ಸುಮಾರಿನ ಶಾಸನ. ಕಾಳಿ ಅನ್ನೋ ಬೇಟೆನಾಯಿಯ ನೆನಪಿಗೆ ನಿಲ್ಲಿಸಿದ್ದು. ನಾಯಿ ಕಾಡುಹಂದಿಯ ಮೇಲೆ ಬಿದ್ದದ್ದು, ಎರಡೂ ಸತ್ತದ್ದು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟದ್ದು, ಎಲ್ಲ ಅದರಲ್ಲಿದೆ. ಸಾವಿರ ವರ್ಷದ ಮೇಲೂ ಆ ನಾಯಿ ಕಣ್ಣಿಗೆ ಕಟ್ಟುತ್ತದೆ. ತಾತನ ಬಗ್ಗೆಯೂ ಹಾಗೇ ಬರೆಯಿರಿ: ಏನು ಮಾಡಿದರು, ಎಲ್ಲಿ, ಎಷ್ಟು, ಯಾರ ಜತೆ.

ಮೊದಲ ಒಂದೆರಡು ವಾರ ಬರೆಯಲೇಬೇಡಿ, ಕಾಗದ ಹುಡುಕಿ. ಜಮೀನಿನ ಹಕ್ಕು, ಬೆಳೆಯ ಸರ್ಕಾರಿ ದಾಖಲೆಯಾದ ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು, 10ರಲ್ಲಿ ಜಮೀನು ಕೈಗೆ ಬಂದ ಬಗೆ, 11ರಲ್ಲಿ ಋಣ, 12ರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತದೆ. ಕಂಪ್ಯೂಟರ್ ಪಹಣಿ ಬಂದದ್ದು 2000ರ ಆಸುಪಾಸು. ಹಿಂದಿನ ಕೈಬರಹದ್ದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರು, ವರ್ಷ ಬರೆದು ಅರ್ಜಿ ಕೊಡಬೇಕು. ಗೇಣಿ ಜಮೀನು ಸ್ವಂತವಾಗಿದ್ದರೆ 1974ರ ಭೂಸುಧಾರಣೆಯ ನಂತರದ ನಮೂನೆ 7ರ ಅರ್ಜಿ, ನಮೂನೆ 10ರ ಪ್ರಮಾಣಪತ್ರ ಮನೆಯ ಟ್ರಂಕಿನಲ್ಲಿ ಇರಬಹುದು. ಗೇಣಿಗೆ ಉತ್ತವರು ಒಡೆಯರಾದ ದಿನ ಪುಸ್ತಿಕೆಯ ಒಂದು ಪೂರ್ತಿ ಪುಟಕ್ಕೆ ಯೋಗ್ಯ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಪಹಣಿಯಲ್ಲಿ 2-12 ಅಂದರೆ ಎರಡು ಎಕರೆ ಹನ್ನೆರಡು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಲೆಕ್ಕಕ್ಕೆ 2.3 ಎಕರೆ. ಮೊಮ್ಮಕ್ಕಳು ಅದನ್ನೇ 2.12 ಎಕರೆ ಅಂತ ಅಚ್ಚು ಹಾಕಿಸುತ್ತಾರೆ. ಇನ್ನು ಬೆಳೆಯ ಕಾಲಂ ಹಿಂದಿನ ವರ್ಷದ್ದನ್ನೇ ನಕಲು ಮಾಡಿದ್ದಿರಬಹುದು. ಪಕ್ಕದ ಹೊಲದವರನ್ನು ಕೇಳಿ ತಾಳೆ ನೋಡಿ. ನಾಟಿ ರಾಗಿ ಬಿಟ್ಟು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಇಂಡಾಫ್ ರಾಗಿ ತಳಿಗೆ ಯಾವಾಗ ಹೋದರು ಅನ್ನೋದು ಅವರಿಗೇ ನೆನಪಿರುತ್ತದೆ. ಸರ್ವೆ ನಂಬರು, ಸಾಲದ ಮೊತ್ತ ಮಾತ್ರ ಅಚ್ಚಿಗೆ ಬೇಡ.

ಶಾಲೆಯ ದಾಖಲೆಯ ಹುಟ್ಟಿದ ದಿನ ಬಹಳ ಸಲ ಮೇಷ್ಟ್ರು ಅಂದಾಜಿನಲ್ಲಿ ಹಾಕಿದ್ದು. ಮನೆಯಲ್ಲಿ ಸಂವತ್ಸರದ ಹೆಸರು ಉಳಿದಿದ್ದರೆ ಅದು ಗಟ್ಟಿ. ‘ಚಿತ್ರಭಾನು’ ಅಂದರೆ 1942ರ ಯುಗಾದಿಯಿಂದ 1943ರ ಯುಗಾದಿವರೆಗೆ. 60 ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ತಪ್ಪೋದು ಕಷ್ಟ.

ಆಮೇಲೆ ಜನ. ‘ತಾತ ಹೇಗಿದ್ದರು’ ಅಂತ ಕೇಳಿದರೆ ‘ಬಾಳ ಒಳ್ಳೇ ಮನ್ಸ ಕಣಪ್ಪ’ ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಎತ್ತುಗಳ ಹೆಸರೇನು? ಯಾವ ಜಾತ್ರೆಯಲ್ಲಿ ತಂದದ್ದು, ಆಗ ಎಷ್ಟು ಹಲ್ಲು? ನಾಟಿಗೆ ಯಾರ ಮನೆಯಿಂದ ಮುಯ್ಯಾಳು (ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ತೀರಿಸೋ ಆಳು) ಬರುತ್ತಿದ್ದರು, ತಾತ ಯಾರ ಗದ್ದೆಗೆ ಮುಯ್ಯಿ ತೀರಿಸಲು ಹೋಗುತ್ತಿದ್ದರು? ಹೀಗೆ ಕೇಳಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ. ಜಗಲಿಯಲ್ಲಿ ನಾಲ್ವರನ್ನು ಒಟ್ಟಿಗೆ ಕೇಳಿದರೆ ಹಿರಿಯರೊಬ್ಬರು ಮಾತಾಡುತ್ತಾರೆ, ಮಿಕ್ಕವರು ತಲೆ ಆಡಿಸುತ್ತಾರೆ. ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮುಕ್ಕಾಲು ಗಂಟೆ ಸಾಕು, ವಯಸ್ಸಾದವರಿಗೆ ದಣಿವಾಗುತ್ತದೆ.

ಹಗೇವಿನ ಬಗ್ಗೆ ಖಂಡಿತ ಕೇಳಿ. ನೆಲದೊಳಗಿನ ಆ ರಾಗಿ ಕಣಜದ ಬಾಯಿ ತೆರೆದ ಕೂಡಲೇ ಇಳಿಯೋ ಹಾಗಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಉಸಿರುಕಟ್ಟಿ ಜೀವ ಹೋಗುತ್ತದೆ. ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಆಮೇಲೆ ಆಳು ಇಳಿಯೋದು. ನಿಮ್ಮೂರಲ್ಲಿ ಮೊದಲು ಇಳಿಯುತ್ತಿದ್ದವರು ಯಾರು? 1965-66ರ ಬರದಲ್ಲಿ ಯಾರ ಹಗೇವಿನಿಂದ ಎಷ್ಟು ಮನೆಗೆ ರಾಗಿ ಹೋಯಿತು, ತಿರುಗಿ ಅಳೆದುಕೊಳ್ಳುವಾಗ ಬಡ್ಡಿ ಹಿಡಿದರೋ ಬಿಟ್ಟರೋ? ‘ಪರೋಪಕಾರಿ’ ಅನ್ನೋ ಪದದ ಬದಲು ಬರಬೇಕಾದ್ದು ಈ ಲೆಕ್ಕ.

ಭಕ್ತಿಯ ಭಾಗ ಬರೆಯುವಾಗ ಗುಡಿಗೇ ಸೀಮಿತವಾಗಬೇಡಿ, ಬೇಸಾಯಗಾರನ ಭಕ್ತಿ ಹೊಲದಲ್ಲೂ ಕಾಣುತ್ತದೆ. ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಹೂಡೋ ಹಾಗಿಲ್ಲ. ಹದ ಆರುತ್ತಿದ್ದರೂ, ಮಳೆ ಮೋಡ ಕಟ್ಟಿದ್ದರೂ ತಾತ ಸೋಮವಾರ ಹೂಡಲಿಲ್ಲವೇ? ಹಾಗಿದ್ದರೆ ಆ ಒಂದು ಸಂಗತಿ ಒಂದು ಪ್ಯಾರಾ. ಕಣದ ಪೂಜೆಯನ್ನು ಹತ್ತಿರದಿಂದ ಬರೆಯಿರಿ: ಸಗಣಿ ಬಳಿದ ನೆಲ, ತೂರಿದ ರಾಶಿ, ಪಕ್ಕದಲ್ಲಿ ಗರಿಕೆ ಸಿಕ್ಕಿಸಿದ ಸಗಣಿಯ ಬೆನವ (ಗಣಪ), ಸುತ್ತ ಯಾರೂ ಮಾತಾಡದ ಹೊತ್ತು. ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಅಂತ ಎಣಿಸೋದು. ಆಮೇಲೆ ದೇವರಿಗೆ ಎಷ್ಟು ಕೊಳಗ, ಮಡಿವಾಳರಿಗೆ, ಕ್ಷೌರಿಕರಿಗೆ, ನೀರಗಂಟಿಗೆ ಎಷ್ಟು ಆಯ (ವರ್ಷದ ಕೆಲಸಕ್ಕೆ ಕೊಡೋ ಕಾಳಿನ ಪಾಲು)? ಅಳೆದು ಕೊಟ್ಟ ಕೈಯನ್ನು ಕಂಡವರು ಇನ್ನೂ ಊರಲ್ಲಿದ್ದಾರೆ, ಬೇಗ ಕೇಳಿ.

ಮಾರಿಹಬ್ಬದ ವಂತಿಗೆ ಲೆಕ್ಕದ ಪುಸ್ತಕ ಗುಡಿಯ ಯಜಮಾನರ ಹತ್ತಿರ ಸಿಗಬಹುದು. ಕೊಂಡಕ್ಕೆ (ಹರಕೆಯವರು ಹಾಯೋ ಕೆಂಡದ ಗುಂಡಿಗೆ) ಎಷ್ಟು ಗಾಡಿ ಸೌದೆ ಯಾರ ಮನೆಯಿಂದ ಅನ್ನೋದು ಅದರಲ್ಲಿ ಇರಬಹುದು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿದ್ದರೆ ಎಷ್ಟು ದಿನದ ದಾರಿ, ರಾತ್ರಿ ಎಲ್ಲಿ ತಂಗುತ್ತಿದ್ದರು, ಬುತ್ತಿಯಲ್ಲಿ ಏನಿತ್ತು, ಜತೆಯವರನ್ನು ಕೇಳಿ. ತಾತ ಕೈಯಾರೆ ಬರೆದುಕೊಂಡ ಭಜನೆ ಪುಸ್ತಕ ಇದ್ದರೆ ಒಂದು ಪುಟವನ್ನು ಕಾಗುಣಿತ ತಿದ್ದದೆ ಹಾಗೇ ಅಚ್ಚು ಹಾಕಿಸಿ.

ಡೈರಿ ವಿಷಯ ಸುಲಭ. ಸಂಘದ ವಾರ್ಷಿಕ ವರದಿಗಳಲ್ಲಿ ನಿರ್ದೇಶಕರ ಹೆಸರು, ವರ್ಷ ಇರುತ್ತದೆ. ಆದರೆ ಸದಸ್ಯತ್ವ ತಾತನ ಹೆಸರಲ್ಲಿದ್ದರೂ ಹಾಲು ಕರೆದವರು ಅಜ್ಜಿಯೇ ಇರಬಹುದು. ಅವರ ದುಡಿಮೆ ಒಂದು ಸಾಲಿನ ಕೃತಜ್ಞತೆಯಲ್ಲಿ ಮುಗಿಯಬಾರದು, ಇದನ್ನು ಒತ್ತಿ ಹೇಳುತ್ತೇನೆ. ವರ್ಷಾನುಗಟ್ಟಲೆ ಜತೆಗೆ ದುಡಿದ ಆಳುಗಳ ಹೆಸರನ್ನೂ ಅವರನ್ನು ಕೇಳಿ ಪೂರ್ತಿ ಬರೆಯಿರಿ. ಭಾಗ-ವಿಭಾಗದ ಜಗಳ ಬಿಡಿ. ಸಾಲ ಮಾಡಿ ಬಾವಿ ತೋಡಿಸಿ ನೀರು ಬಾರದ ವರ್ಷ ಇದ್ದರೆ ಮನೆಯವರ ಒಪ್ಪಿಗೆ ಪಡೆದು ಬರೆಯಿರಿ.

ಹುಟ್ಟಿನಿಂದ ಸಾವಿನವರೆಗೆ ಅನ್ನೋ ಕ್ರಮಕ್ಕಿಂತ ಒಂದು ಬೇಸಾಯದ ವರ್ಷ ಹಿಡಿದು ಬರೆಯೋದು ನನಗೆ ಸರಿ ಅನ್ನಿಸುತ್ತದೆ. ಯುಗಾದಿಯ ಹೊನ್ನಾರಿನಿಂದ, ಅಂದರೆ ವರ್ಷದ ಮೊದಲ ಉಳುಮೆಯಿಂದ, ಶುರು ಮಾಡಿ. ಪುನರ್ವಸು-ಪುಷ್ಯ ಮಳೆಯ ರಾಗಿ ಬಿತ್ತನೆ, ಅಕ್ಕಡಿಯ (ರಾಗಿಯ ನಡುವಿನ ಸಾಲಿನ) ಅವರೆ, ಕುಯ್ಲು, ಕಣ, ಸಂಕ್ರಾಂತಿಯ ಕಿಚ್ಚು, ಶಿವರಾತ್ರಿಯ ಬೆಟ್ಟ. ಮದುವೆ, ಬರ, ಡೈರಿ, ಮೊಮ್ಮಕ್ಕಳು, ಎಲ್ಲ ಆಯಾ ತಿಂಗಳ ಕೆಲಸದ ಜತೆ ಬಂದು ಕೂರುತ್ತವೆ.

ಎ5 ಅಳತೆಯ ಪುಟಕ್ಕೆ ಸುಮಾರು 180 ಪದ. ಫೋಟೊಗೆ ನಾಲ್ಕು ಪುಟ ಬಿಟ್ಟರೆ 2,000 ಪದ ಸಾಕು. ಪುಟ ಹೆಚ್ಚಾದರೆ 20, 24 ಹೀಗೆ ನಾಲ್ಕರ ಲೆಕ್ಕದಲ್ಲೇ ಏರಿಸಿ. ಹಳೇ ಸಣ್ಣ ಫೋಟೊ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಪ್ರೆಸ್‌ನವರು ಹಳೇ ನುಡಿ ಫಾಂಟಿಗೆ ಬದಲಿಸಿದರೆ ಅರ್ಕಾವತ್ತು, ಒತ್ತಕ್ಷರ ಕೆಡಬಹುದು. ಕರಡನ್ನು ಕಾಗದದ ಮೇಲೆ ತರಿಸಿ ‘ಸೂರ್ಯ’, ‘ಕ್ಷೇತ್ರ’ದಂಥ ಪದ ಮತ್ತು ಎಲ್ಲ ಹೆಸರು ಬೆರಳಿಟ್ಟು ನೋಡಿ.

ಪ್ರೆಸ್‌ಗೆ ಕೊಡುವ ಒಂದು ವಾರ ಮೊದಲು ಅಜ್ಜಿಗೂ ಭಜನೆಯ ಹಿರಿಯರಿಗೂ ಪೂರ್ತಿ ಓದಿ ಹೇಳಿ. ಅವರು ಎಲ್ಲಿ ತಡೆದು ‘ಹಂಗಲ್ಲ ಅದು’ ಅಂತಾರೋ ಅಲ್ಲಿ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.