ಬೇರೆಯಾದರೂ ನೀರು ನಿಲ್ಲಲಿಲ್ಲ

ದಾವಣಗೆರೆಯ ಓದುಗರೊಬ್ಬರ ಪತ್ರ: "1965ರಲ್ಲಿ ಸಿಂಗಾಪುರ ಮಲೇಷ್ಯಾದಿಂದ ಬೇರೆಯಾಯಿತು. ಆದರೂ ಕುಡಿಯುವ ನೀರು ಇವತ್ತಿಗೂ ಮಲೇಷ್ಯಾದಿಂದ ಬರುತ್ತದಂತೆ. ಸಿಟ್ಟು ಬಂದಾಗ ಅವರು ನೀರು ನಿಲ್ಲಿಸಲಿಲ್ಲ ಯಾಕೆ? ಅಷ್ಟೊಂದು ಸ್ನೇಹವೇ?"

ಸ್ನೇಹ ಏನೂ ಇರಲಿಲ್ಲ ಸ್ವಾಮಿ. ಆಗಸ್ಟ್ 9ರಂದು ಕೌಲಾಲಂಪುರದ ಸಂಸತ್ತಿನಲ್ಲಿ ಬೇರ್ಪಡಿಸುವ ಮಸೂದೆಗೆ 126 ಮತ ಬಿತ್ತು, ವಿರುದ್ಧ ಒಂದೂ ಇಲ್ಲ. ಸಿಂಗಾಪುರವನ್ನು ಹೊರಹಾಕಿದರು ಅನ್ನುವುದೇ ಜನಜನಿತ ಕಥೆ. ಆದರೆ ಸಿಂಗಾಪುರದ ಮಂತ್ರಿ ಗೋ ಕೆಂಗ್ ಸ್ವೀ ಬೇರೆಯಾಗುವ ಬಗ್ಗೆ ಮೊದಲೇ ಗುಟ್ಟಾಗಿ ಮಾತುಕತೆ ನಡೆಸಿದ್ದರು. ನೀರು ನಿಲ್ಲಿಸುತ್ತೇವೆ ಎಂದು ಹೆದರಿಸಿ ಸಿಂಗಾಪುರವನ್ನು ಬಗ್ಗಿಸಬಹುದು ಎಂದು ಮಲೇಷ್ಯಾದ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಬ್ರಿಟಿಷ್ ಹೈಕಮಿಷನರ್ ಹತ್ತಿರ ಹೇಳಿಯೂ ಇದ್ದರು.

ಹಾಗಿದ್ದೂ ನೀರು ನಿಲ್ಲಲಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಬಾವಿಯ ಮಾತು ಬರೆದಿಡದಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಇವರು ಬರೆದಿಟ್ಟರು. 1961 ಮತ್ತು 1962ರ ನೀರಿನ ಒಪ್ಪಂದಗಳಿಗೆ ಮಲೇಷ್ಯಾ ಸರ್ಕಾರವೇ ಖಾತರಿ ಎಂದು ಬೇರ್ಪಡುವ ಒಪ್ಪಂದದಲ್ಲೇ ಸೇರಿಸಿ, ಅದನ್ನು ವಿಶ್ವಸಂಸ್ಥೆಯಲ್ಲಿ ನೋಂದಾಯಿಸಿದರು.

ದರ ಕೇಳಿದರೆ ನಗು ಬರುತ್ತದೆ. ಗಡಿಯಾಚೆ ಮಲೇಷ್ಯಾದ ಜೋಹೋರ್ ರಾಜ್ಯವಿದೆ; ಅಲ್ಲಿನ ಜೋಹೋರ್ ನದಿಯಿಂದ ಸಿಂಗಾಪುರ ದಿನಕ್ಕೆ 25 ಕೋಟಿ ಗ್ಯಾಲನ್ ತನಕ ಎತ್ತಬಹುದು. ಸಾವಿರ ಗ್ಯಾಲನ್‌ಗೆ 3 ಸೆನ್, ಅಂದರೆ ಮಲೇಷ್ಯಾದ ಹಣ ಒಂದು ರಿಂಗಿಟ್‌ನ ನೂರರಲ್ಲಿ ಮೂರು ಪಾಲು. ಅದರಲ್ಲಿ ಒಂದಷ್ಟನ್ನು ಶುದ್ಧ ಮಾಡಿ ಸಾವಿರ ಗ್ಯಾಲನ್‌ಗೆ 50 ಸೆನ್‌ನಂತೆ ಜೋಹೋರ್‌ಗೇ ವಾಪಸ್ ಮಾರುತ್ತಾರೆ! ಇದು ಅನ್ಯಾಯ ಅಂತ ಮಲೇಷ್ಯಾ. ಶುದ್ಧ ಮಾಡಲು ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ, ದರ ಬದಲಿಸುವ ಅವಕಾಶ 1987ರಲ್ಲಿತ್ತು, ನೀವು ಆಗ ಕೇಳಲಿಲ್ಲ ಅಂತ ಸಿಂಗಾಪುರ. ಮಹಾತಿರ್ 2018ರಲ್ಲಿ ಮತ್ತೆ ಮಲೇಷ್ಯಾದ ಪ್ರಧಾನಿಯಾದಾಗ ಈ ಜಗಳವೂ ಮತ್ತೆ ಎದ್ದಿತು. ಬೈದಾಟ ನಡೆಯುತ್ತಲೇ ಇತ್ತು, ನೀರೂ ಹರಿಯುತ್ತಲೇ ಇತ್ತು.

ರೈಲಿನ ಕಥೆ ಇನ್ನೂ ಮಜಾ. ಸಿಂಗಾಪುರದ ಹೃದಯಭಾಗದ ತಾಂಜೊಂಗ್ ಪಗಾರ್ ನಿಲ್ದಾಣ ಮಲೇಷ್ಯಾ ರೈಲ್ವೆಯದಾಗಿತ್ತು. 1998ರಲ್ಲಿ ಸಿಂಗಾಪುರ ತನ್ನ ಪಾಸ್‌ಪೋರ್ಟ್ ತಪಾಸಣೆಯನ್ನು ಗಡಿಯ ವುಡ್‌ಲ್ಯಾಂಡ್ಸ್‌ಗೆ ಸಾಗಿಸಿತು. ಮಲೇಷ್ಯಾದ ಅಧಿಕಾರಿಗಳು ಆ ನಿಲ್ದಾಣ ಬಿಟ್ಟು ಕದಲಲಿಲ್ಲ. ಹೀಗಾಗಿ ಪ್ರಯಾಣಿಕರು ಮೊದಲು ಮಲೇಷ್ಯಾದೊಳಗೆ ಬಂದಂತೆ, ಆಮೇಲೆ ಸಿಂಗಾಪುರ ಬಿಟ್ಟಂತೆ! 2011ರಲ್ಲಿ ನಿಲ್ದಾಣ ಮುಚ್ಚಿತು, ಕೊನೆಯ ರೈಲನ್ನು ಜೋಹೋರ್ ಸುಲ್ತಾನರೇ ಓಡಿಸಿದರು. ಆ ರೈಲ್ವೆ ಜಮೀನಿನ ಅಭಿವೃದ್ಧಿ ಶುಲ್ಕದ ತಕರಾರು ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಯಿತು. 2014ರ ತೀರ್ಪು ಮಲೇಷ್ಯಾದ ಪರ. ಸಿಂಗಾಪುರ ಸುಮ್ನೆ ಒಪ್ಪಿಕೊಂಡಿತು. ಇಬ್ಬರೂ ತಮ್ಮದೆನ್ನುತ್ತಿದ್ದ ಪೆದ್ರಾ ಬ್ರಾಂಕಾ ದ್ವೀಪ 2008ರಲ್ಲಿ ಹೇಗ್ ನ್ಯಾಯಾಲಯದಲ್ಲಿ ಸಿಂಗಾಪುರದ ಪಾಲಾಗಿತ್ತಲ್ವಾ, ಆಗ ಮಲೇಷ್ಯಾ ತಲೆಬಾಗಿತ್ತು. ಸ್ನೇಹಕ್ಕಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಆದರೂ ಸಿಂಗಾಪುರ ಕಾಗದವನ್ನೇ ಪೂರ್ತಿ ನಂಬಿ ಕೂತಿಲ್ಲ. 1961ರ ಒಪ್ಪಂದ 2011ರಲ್ಲಿ ಮುಗಿಯಿತು, ಇನ್ನೊಂದು 2061ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಸ್ವಂತ ಕಾಲ ಮೇಲೆ ನಿಲ್ಲಬೇಕೆಂದು 2003ರಿಂದಲೇ ಬಳಸಿದ ನೀರನ್ನು ಶುದ್ಧ ಮಾಡಿ ಮರುಬಳಕೆಗೆ ಕೊಡುತ್ತಿದೆ, ಸಮುದ್ರದ ನೀರಿನ ಉಪ್ಪನ್ನೂ ತೆಗೆಯುತ್ತಿದೆ.